ನಿಯಮವೂ ಒಂದು ಮತ ಹಾಕುತ್ತದೆ

ಶಿವಮೊಗ್ಗ

ಚಿ. ನಿಖಿಲನಿಗೆ,

   

ನಿನ್ನ ಸಂದೇಶ ಓದಿದೆ. ಹದಿನೆಂಟು ತುಂಬಿ ಮತದಾರರ ಗುರುತಿನ ಚೀಟಿ ಕೈಗೆ ಬಂತೆಂದು ಬರೆದಿದ್ದೀಯ. ಅದರ ಬೆನ್ನಿಗೇ, ಓಟು ಹಾಕುವುದರಲ್ಲಿ ಅರ್ಥವಿಲ್ಲ ಅನ್ನಿಸುತ್ತಿದೆ ಎಂದೂ ಬರೆದಿದ್ದೀಯ. ಅದಕ್ಕೆ ಎರಡು ಕಾರಣ ಕೊಟ್ಟಿದ್ದೀಯ. ಒಂದು, ನಿಮ್ಮ ಹಾಸ್ಟೆಲಿನ ಮೆಸ್ ಸಮಿತಿಯ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರಿಗೆ ಬೇಡವಾಗಿದ್ದವನೇ ಗೆದ್ದುಬಿಟ್ಟ. ಎರಡು, ಕೆನೆತ್ ಆ್ಯರೋ ಎಂಬ ಅರ್ಥಶಾಸ್ತ್ರಜ್ಞ ಪ್ರಜಾಪ್ರಭುತ್ವ ಅಸಾಧ್ಯವೆಂದು ಗಣಿತದಿಂದಲೇ ಸಾಧಿಸಿದ್ದಾನೆಂದು ನಿನ್ನ ಗೆಳೆಯ ಹೇಳಿದ.

ಮೊದಲನೆಯದು ನ್ಯಾಯವಾದ ದೂರು. ಎರಡನೆಯದು ಪ್ರಮೇಯದ ಹೆಸರನ್ನಷ್ಟೇ ಕೇಳಿ, ಅದರ ಒಳಗನ್ನು ನೋಡದವರ ಮಾತು. ಜೀವಮಾನವಿಡೀ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಒಂದು ಪ್ರಮೇಯದ ಹೆಸರು ಹೇಳಿಕೊಂಡು ನನ್ನ ಮನೆಯ ಹುಡುಗ ಮತಗಟ್ಟೆಗೆ ಬೆನ್ನು ಹಾಕುವುದನ್ನು ನೋಡಿಕೊಂಡು ಸುಮ್ಮನಿರಲಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಇದಲ್ಲ. ನೀನೂ ಒಂದು ಹಾಳೆ, ಪೆನ್ಸಿಲು ಹಿಡಿದು ಕೂತುಕೋ. ಲೆಕ್ಕ ಮಾಡುತ್ತಾ ಓದು.

ನಿನ್ನ ಮೆಸ್ಸಿನ ದೂರನ್ನೇ ಎರಡೂವರೆ ಶತಮಾನದ ಹಿಂದೆ ಒಬ್ಬ ಎತ್ತಿದ್ದ. ಅವನ ಹೆಸರು ಜಾನ್ ಶಾರ್ಲ್ ದ ಬೋರ್ದಾ. ಫ್ರಾನ್ಸಿನ ನೌಕಾಪಡೆಯ ಅಧಿಕಾರಿ, ಗಣಿತಜ್ಞ. ಎಲ್ಲರಿಗಿಂತ ಹೆಚ್ಚು ಮತ ಬಂದವನೇ ಗೆದ್ದ ಎನ್ನುವ ಪದ್ಧತಿ ತಪ್ಪು ದಾರಿ ತೋರಿಸಬಲ್ಲದು ಎಂದು 1770ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ವಾದಿಸಿದ. ಆ ಪ್ರಬಂಧ ಅಚ್ಚಾದದ್ದು 1784ರಲ್ಲಿ. ಅವನು ಕೊಟ್ಟ ಉದಾಹರಣೆಯನ್ನೇ ನಿನ್ನ ಮುಂದೆ ಇಡುತ್ತೇನೆ.

ಮತದಾರರು 21 ಜನ. ಅಭ್ಯರ್ಥಿಗಳು ಅ, ಬ, ಕ ಎಂಬ ಮೂವರು. ಪ್ರತಿಯೊಬ್ಬ ಮತದಾರನ ಮನಸ್ಸಿನಲ್ಲೂ ಈ ಮೂವರಿಗೆ ಒಂದು ಕ್ರಮವಿದೆ. ಒಬ್ಬನ ಕ್ರಮ ಅ, ಬ, ಕ. ಏಳು ಜನರದು ಅ, ಕ, ಬ. ಇನ್ನೇಳು ಜನರದು ಬ, ಕ, ಅ. ಉಳಿದ ಆರು ಜನರದು ಕ, ಬ, ಅ. ಹಾಳೆಯ ಮೇಲೆ ನಾಲ್ಕು ಸಾಲು ಬರೆದುಕೋ.

ಮೊದಲು ನಮ್ಮ ವಿಧಾನಸಭೆ, ಲೋಕಸಭೆ ಚುನಾವಣೆಗಳ ಹಾಗೆ ಎಣಿಸು. ಪ್ರತಿಯೊಬ್ಬರ ಮೊದಲ ಆಯ್ಕೆ ಮಾತ್ರ ಲೆಕ್ಕಕ್ಕೆ. ಅ ಎಂಬವನಿಗೆ 8, ಬ ಎಂಬವನಿಗೆ 7, ಕ ಎಂಬವನಿಗೆ 6. ಗೆದ್ದವನು ಅ. ಈಗ ಸಾಲುಗಳ ಕೊನೆಯನ್ನು ನೋಡು. 21ರಲ್ಲಿ 13 ಜನ ಅವನನ್ನೇ ಕಟ್ಟಕಡೆಗೆ ಇಟ್ಟಿದ್ದಾರೆ. ನಿಮ್ಮ ಮೆಸ್ಸಿನಲ್ಲಿ ಆದದ್ದು ಇದೇ ಅಲ್ಲವೇ? ಬೇಡ ಎನ್ನುವವರ ಮತ ಇಬ್ಬರಲ್ಲಿ ಹಂಚಿಹೋಯಿತು, ಬೇಕು ಎನ್ನುವವರ ಮತ ಒಂದೆಡೆ ಉಳಿಯಿತು.

ಎರಡನೆಯ ರೀತಿ. ಕಡಿಮೆ ಮತ ಬಂದವನನ್ನು ತೆಗೆದುಹಾಕಿ ಅವನ ಮತಗಳನ್ನು ಎರಡನೇ ಪ್ರಾಶಸ್ತ್ಯದಂತೆ ವರ್ಗಾಯಿಸು. ಕ ಹೊರಹೋಗುತ್ತಾನೆ, ಅವನ ಆರೂ ಮತಗಳು ಬ ಕಡೆಗೆ ಹೋಗುತ್ತವೆ. ಬ ಎಂಬವನಿಗೆ 13, ಅ ಎಂಬವನಿಗೆ 8. ಗೆದ್ದವನು ಬ.

ಮೂರನೆಯದು ಬೋರ್ದಾ ಸ್ವತಃ ಸೂಚಿಸಿದ ಅಂಕಗಳ ರೀತಿ. ಮೊದಲ ಸ್ಥಾನಕ್ಕೆ 2 ಅಂಕ, ಎರಡನೆಯದಕ್ಕೆ 1, ಕೊನೆಯದಕ್ಕೆ ಸೊನ್ನೆ. ಕೂಡಿಸಿ ನೋಡು: ಅ 16, ಬ 21, ಕ 26. ಗೆದ್ದವನು ಕ, ಮೊದಲ ಎಣಿಕೆಯಲ್ಲಿ ಎಲ್ಲರಿಗಿಂತ ಹಿಂದಿದ್ದವನು! ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿ ಕೇಳಿದರೂ ಕ ಉಳಿದಿಬ್ಬರನ್ನೂ 13–8ರಿಂದ ಸೋಲಿಸುತ್ತಾನೆ.

ಮತದಾರರು ಅವರೇ, ಅವರ ಮನಸ್ಸೂ ಅದೇ, ಮತಪತ್ರಗಳೂ ಅವೇ. ಯಾರೂ ಕಳ್ಳಮತ ಹಾಕಿಲ್ಲ, ಯಾರೂ ಎಣಿಕೆಯಲ್ಲಿ ಕೈ ಆಡಿಸಿಲ್ಲ. ಮೂರು ನಿಯಮ, ಮೂವರು ಗೆದ್ದವರು. ಜನ ಆರಿಸಿದರು ಎನ್ನುವ ಪ್ರತಿ ಮಾತಿನೊಳಗೂ ‘ಈ ನಿಯಮದ ಪ್ರಕಾರ’ ಎನ್ನುವ ಮಾತು ಅಡಗಿ ಕೂತಿರುತ್ತದೆ. ಮತದಾರರ ಜೊತೆಗೆ ನಿಯಮವೂ ಒಂದು ಮತ ಹಾಕುತ್ತದೆ. ಈ ಕಾಗದದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡ.

ಇದು ಹಾಳೆಯ ಮೇಲಿನ ಆಟ ಮಾತ್ರ ಎಂದುಕೊಳ್ಳಬೇಡ. ನಮ್ಮ ರಾಷ್ಟ್ರಪತಿಗಳ ಆಯ್ಕೆ ನಡೆಯುವುದೇ ಪ್ರಾಶಸ್ತ್ಯದ ಮತಗಳಿಂದ. ಸಂವಿಧಾನದ 55ನೇ ವಿಧಿ ಹಾಗೆ ಹೇಳುತ್ತದೆ. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ನಾಯಕರು ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನದ ಅಭ್ಯರ್ಥಿಯಾಗಿ ಆರಿಸಿದರು. ಆಗ ಪಕ್ಷದ ಅಧ್ಯಕ್ಷರು ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಈ ಆಯ್ಕೆ ಹಿಡಿಸಲಿಲ್ಲ. ಅದಕ್ಕೆ ಎರಡು ವರ್ಷ ಹಿಂದಿನವರೆಗೂ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ. ವಿ. ಗಿರಿ ಪಕ್ಷೇತರರಾಗಿ ನಿಂತರು. ಇಂದಿರಾ ಅವರು ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಕರೆ ಕೊಟ್ಟರು. ಜನಸಂಘ, ಸ್ವತಂತ್ರ ಪಕ್ಷಗಳ ಬೆಂಬಲದಿಂದ ಸಿ. ಡಿ. ದೇಶಮುಖರು ಕಣದಲ್ಲಿದ್ದರು. ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರನ್ನು ಕಂಡು, ನಿಮ್ಮ ಎರಡನೇ ಪ್ರಾಶಸ್ತ್ಯವನ್ನಾದರೂ ರೆಡ್ಡಿಯವರಿಗೆ ಕೊಡಿಸಿ ಎಂದು ಕೇಳಿದರು.

ಮೊದಲ ಸುತ್ತಿನ ಎಣಿಕೆಯಲ್ಲಿ ಗಿರಿಯವರ ಮತಮೌಲ್ಯ 4,01,515, ರೆಡ್ಡಿಯವರದು 3,13,548, ದೇಶಮುಖರದು 1,12,769. ಗೆಲ್ಲಲು ಬೇಕಾದದ್ದು 4,18,169. ಯಾರೂ ಮುಟ್ಟಲಿಲ್ಲ. ಹಿಂದುಳಿದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಗಳನ್ನು ವರ್ಗಾಯಿಸಿದಾಗ ಬಹುಪಾಲು ರೆಡ್ಡಿಯವರಿಗೇ ಹೋಯಿತು. 87,967ರಷ್ಟಿದ್ದ ಅಂತರ 14,650ಕ್ಕೆ ಇಳಿಯಿತು. ಆದರೂ ಅಷ್ಟು ಸಾಲಲಿಲ್ಲ. ಗಿರಿ 4,20,077, ರೆಡ್ಡಿ 4,05,427. ಎರಡನೇ ಪ್ರಾಶಸ್ತ್ಯ ಎಣಿಸಿ ರಾಷ್ಟ್ರಪತಿಯನ್ನು ಆರಿಸಬೇಕಾಗಿ ಬಂದದ್ದು ನಮ್ಮಲ್ಲಿ ಅದೊಂದೇ ಸಲ. ಆ ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಒಡೆದು ಎರಡಾಯಿತು. ಎರಡನೇ ಪ್ರಾಶಸ್ತ್ಯ ಎನ್ನುವ ಏರ್ಪಾಡು ಇಲ್ಲದಿದ್ದರೆ, ಪಕ್ಷದ ಅಧ್ಯಕ್ಷರೊಬ್ಬರು ವಿರೋಧ ಪಕ್ಷದವರ ಮನೆಬಾಗಿಲಿಗೆ ಆ ಕೋರಿಕೆ ಹಿಡಿದು ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ. ಎಣಿಕೆಯ ದಿನಕ್ಕೆ ಬಹಳ ಮೊದಲೇ, ಯಾರು ಯಾರ ಹತ್ತಿರ ಮಾತಿಗೆ ಹೋಗಬೇಕೆಂಬುದನ್ನು ನಿಯಮ ನಿರ್ಧರಿಸಿಬಿಟ್ಟಿರುತ್ತದೆ.

ನಾನೂ ಈ ರೀತಿ ಮತ ಹಾಕುತ್ತೇನೆ. ವಿಧಾನ ಪರಿಷತ್ತಿನ ನೈಋತ್ಯ ಪದವೀಧರರ ಕ್ಷೇತ್ರದ ಮತದಾರಳು ನಾನು. ಅಲ್ಲಿ ಯಂತ್ರದ ಗುಂಡಿ ಒತ್ತುವುದಿಲ್ಲ. ಮತಪತ್ರದಲ್ಲಿ ಹೆಸರುಗಳ ಎದುರು, ಮತಗಟ್ಟೆಯಲ್ಲೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ 1, 2, 3 ಎಂದು ಅಂಕಿ ಬರೆಯಬೇಕು. ಟಿಕ್ ಹಾಕಿದರೆ ಮತ ತಿರಸ್ಕೃತ. 1 ಬರೆಯದೆ ಬರೀ 2 ಬರೆದರೂ ತಿರಸ್ಕೃತ. ಪದವಿ ಓದಿದವರ ಮತಗಳೇ ಹೀಗೆ ರಾಶಿ ರಾಶಿ ತಿರಸ್ಕೃತವಾಗುವುದನ್ನು ಪೇಪರಿನಲ್ಲಿ ಓದಿದಾಗ ಹೊಟ್ಟೆ ಉರಿಯುತ್ತದೆ. ನೀನು ಪದವಿ ಮುಗಿಸಿ ಹೆಸರು ನೋಂದಾಯಿಸಿಕೊಂಡ ಮೇಲೆ ನಿನಗೂ ಆ ಮತಪತ್ರ ಸಿಗುತ್ತದೆ. ಆಗ 1ರಲ್ಲಿ ನಿಲ್ಲಿಸಬೇಡ. ಎರಡು, ಮೂರನ್ನೂ ಯೋಚಿಸಿ ಬರೆ.

ಹಾಗಾದರೆ ಎಲ್ಲ ಕಡೆ ಪ್ರಾಶಸ್ತ್ಯದ ಮತ ತಂದುಬಿಟ್ಟರಾಯಿತಲ್ಲ ಎನ್ನುತ್ತೀಯ. ನಿಲ್ಲು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಬರ್ಲಿಂಗ್ಟನ್ ಎಂಬ ಊರಿದೆ. ಅಲ್ಲಿನ ಮೇಯರ್ ಸ್ಥಾನಕ್ಕೆ 2009ರಲ್ಲಿ ನಡೆದ ಚುನಾವಣೆಯಲ್ಲಿ ಕೊನೆಗುಳಿದ ಮೂವರೆಂದರೆ ರೈಟ್, ಕಿಸ್, ಮಾಂಟ್ರೋಲ್. ಮಾಂಟ್ರೋಲ್ ಎಡಕ್ಕೂ ಬಲಕ್ಕೂ ಒಪ್ಪಿಗೆಯಾಗಬಲ್ಲ ನಡುವಿನ ಮನುಷ್ಯ. ಮತಪತ್ರಗಳನ್ನು ಜೋಡಿ ಜೋಡಿಯಾಗಿ ಎಣಿಸಿ ನೋಡಿದರೆ ಅವರು ಉಳಿದಿಬ್ಬರನ್ನೂ ಸೋಲಿಸುತ್ತಿದ್ದರು. ಆದರೆ ಮೊದಲ ಪ್ರಾಶಸ್ತ್ಯದಲ್ಲಿ ಅವರೇ ಮೂರನೆಯವರಾದ್ದರಿಂದ ವರ್ಗಾವಣೆಯ ನಿಯಮ ಅವರನ್ನು ಮೊದಲೇ ಹೊರಹಾಕಿತು, ಕಿಸ್ ಗೆದ್ದರು. ಅಲ್ಲಿನ ಜನ 2010ರಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟರು.

ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸುವ ಈ ಅಳತೆಗೋಲನ್ನು ಎತ್ತಿಹಿಡಿದವನು ಬೋರ್ದಾನ ಕಾಲದವನೇ ಆದ ಕೊಂದೋರ್ಸೆ. ಅಕಾಡೆಮಿಯ ಕಾರ್ಯದರ್ಶಿಯಾಗಿದ್ದವನು. ಯಾರು ಉಳಿದ ಪ್ರತಿಯೊಬ್ಬರನ್ನೂ ನೇರ ಸ್ಪರ್ಧೆಯಲ್ಲಿ ಸೋಲಿಸುತ್ತಾನೋ ಅವನೇ ಗೆಲ್ಲಬೇಕು ಎಂಬುದು ಅವನ ನಿಲುವು. ಇದಕ್ಕಿಂತ ನ್ಯಾಯ ಇನ್ನೇನಿದೆ ಅನ್ನಿಸುತ್ತದೆ. ಆದರೆ ಇದರೊಳಗಿನ ಗುಂಡಿಯನ್ನು 1785ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನೇ ತೋರಿಸಿಕೊಟ್ಟ.

ಒಂದು ಗ್ರಾಮ ಪಂಚಾಯಿತಿಗೆ ಅನುದಾನ ಬಂದಿದೆ ಎಂದಿಟ್ಟುಕೋ. ರಸ್ತೆ, ಶಾಲೆ, ಕೆರೆ ಈ ಮೂರರಲ್ಲಿ ಒಂದಕ್ಕೆ ಮಾತ್ರ ಸಾಲುವಷ್ಟು. ಸದಸ್ಯರಲ್ಲಿ ಮೂರು ಸಮಪಾಲಿನ ಗುಂಪುಗಳು. ಮೊದಲ ಗುಂಪಿನ ಕ್ರಮ ರಸ್ತೆ, ಶಾಲೆ, ಕೆರೆ. ಎರಡನೆಯದು ಶಾಲೆ, ಕೆರೆ, ರಸ್ತೆ. ಮೂರನೆಯದು ಕೆರೆ, ರಸ್ತೆ, ಶಾಲೆ. ರಸ್ತೆಯೋ ಶಾಲೆಯೋ ಎಂದು ಕೇಳಿದರೆ ಮೂರರಲ್ಲಿ ಎರಡು ಗುಂಪು ರಸ್ತೆ ಎನ್ನುತ್ತವೆ. ಶಾಲೆಯೋ ಕೆರೆಯೋ ಎಂದರೆ ಎರಡು ಗುಂಪು ಶಾಲೆ ಎನ್ನುತ್ತವೆ. ಹಾಗಾದರೆ ಕೆರೆಗಿಂತ ರಸ್ತೆಯೇ ಮೇಲಾಗಬೇಕಲ್ಲ? ಕೇಳಿ ನೋಡು, ಎರಡು ಗುಂಪು ಕೆರೆ ಎನ್ನುತ್ತವೆ! ಪ್ರತಿಯೊಬ್ಬ ಸದಸ್ಯನ ತಲೆಯೂ ನೆಟ್ಟಗಿದೆ, ಸಭೆಯ ತೀರ್ಮಾನ ಮಾತ್ರ ಗಾಣದೆತ್ತಿನಂತೆ ಸುತ್ತುತ್ತಿದೆ.

ಈಗ ಅಧ್ಯಕ್ಷರ ಕೈಯಲ್ಲಿರುವ ಕಾರ್ಯಸೂಚಿಯನ್ನು ನೋಡು. ಮೊದಲು ರಸ್ತೆ–ಶಾಲೆಗಳ ನಡುವೆ ಮತ ಹಾಕಿಸಿ, ಗೆದ್ದದ್ದನ್ನು ಕೆರೆಯ ಎದುರು ನಿಲ್ಲಿಸಿದರೆ ಕೆರೆ ಗೆಲ್ಲುತ್ತದೆ. ಮೊದಲು ಕೆರೆ–ರಸ್ತೆ ಎಂದರೆ ಕೊನೆಗೆ ಶಾಲೆ ಗೆಲ್ಲುತ್ತದೆ. ಮೊದಲು ಶಾಲೆ–ಕೆರೆ ಎಂದರೆ ಕೊನೆಗೆ ರಸ್ತೆ. ಪ್ರತಿ ಸಲವೂ ಕೈ ಎತ್ತಿದವರು ಸದಸ್ಯರೇ, ಪ್ರತಿ ಸಲವೂ ಬಹುಮತವೇ. ಆದರೆ ತೀರ್ಮಾನವಾದದ್ದು ವಿಷಯಗಳನ್ನು ಯಾವ ಸರದಿಯಲ್ಲಿ ಎತ್ತಿಕೊಂಡರು ಎನ್ನುವುದರಿಂದ. ನಾಳೆ ನೀನು ಯಾವ ಸಭೆಯಲ್ಲಿ ಕೂತರೂ, ಸಂಘವಿರಲಿ ಕಂಪನಿಯಿರಲಿ, ಕಾರ್ಯಸೂಚಿಯ ಸರದಿಯನ್ನು ಯಾರು ಬರೆದರು ಎಂದು ಮೊದಲು ಗಮನಿಸು.

ಇನ್ನು ಬೋರ್ದಾನ ಅಂಕಪದ್ಧತಿ. ಅಕಾಡೆಮಿ ತನ್ನ ಸದಸ್ಯರನ್ನು ಆರಿಸಲು ಕೆಲಕಾಲ ಅದನ್ನೇ ಬಳಸಿತು. ಅದರಲ್ಲಿ ಸುತ್ತು ಬರುವುದಿಲ್ಲ. ಆದರೆ ಬೇರೊಂದು ತೊಡಕಿದೆ. ಐದು ಜನ ಮತದಾರರು. ಮೂವರ ಕ್ರಮ ಅ, ಬ, ಕ. ಇಬ್ಬರ ಕ್ರಮ ಬ, ಕ, ಅ. ಅಂಕ ಕೂಡಿಸು: ಅ 6, ಬ 7, ಕ 2. ಬ ಗೆದ್ದ. ಈಗ, ಗೆಲ್ಲುವ ಆಸೆಯೇ ಇಲ್ಲದ ಕ ನಾಮಪತ್ರ ವಾಪಸು ಪಡೆದ ಎಂದಿಟ್ಟುಕೋ. ಉಳಿದಿಬ್ಬರಲ್ಲಿ ಅ 3–2ರಿಂದ ಗೆಲ್ಲುತ್ತಾನೆ. ಅ ಮತ್ತು ಬ ಬಗ್ಗೆ ಐವರಲ್ಲಿ ಒಬ್ಬನೂ ಮನಸ್ಸು ಬದಲಿಸಿಲ್ಲ. ಸೋಲುವವನೊಬ್ಬ ಕಣದಲ್ಲಿದ್ದಾನೋ ಇಲ್ಲವೋ ಎಂಬುದರ ಮೇಲೆ ಗೆದ್ದವನು ಬದಲಾದ. ಡಮ್ಮಿ ಅಭ್ಯರ್ಥಿಗಳನ್ನು ನಿಲ್ಲಿಸುವ ನಮ್ಮ ಊರಿನ ರಾಜಕೀಯ ನಿನಗೆ ಗೊತ್ತೇ ಇದೆ. ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿಯಲ್ಲಿ ಡಮ್ಮಿ ಎದುರಾಳಿಯ ಮತ ಒಡೆಯುತ್ತಾನೆ, ಇಲ್ಲಿ ಅಂಕ ಏರುಪೇರು ಮಾಡುತ್ತಾನೆ.

ಈಗ ನಿನ್ನ ಗೆಳೆಯ ಹೇಳಿದ ಆ್ಯರೋ ಅವರಿಗೆ ಬರೋಣ. ಇಪ್ಪತ್ತೇಳು ಇಪ್ಪತ್ತೆಂಟರ ತರುಣ, ಅಮೆರಿಕದ ರ‍್ಯಾಂಡ್ ಕಾರ್ಪೊರೇಷನ್ನಿನಲ್ಲಿ ಕೆಲಸ ಮಾಡುತ್ತಿದ್ದರು. ದೇಶಗಳ ನಡುವಿನ ಸಂಬಂಧಕ್ಕೆ ಆಟದ ಸಿದ್ಧಾಂತವನ್ನು ಅನ್ವಯಿಸುತ್ತಿದ್ದ ಕಾಲ ಅದು. ಒಂದು ದೇಶಕ್ಕೆ ಇಂಥದು ಬೇಕು, ಇಂಥದು ಬೇಡ ಎನ್ನುತ್ತೇವಲ್ಲ, ಕೋಟಿಗಟ್ಟಲೆ ಜನರಿರುವ ದೇಶಕ್ಕೆ ಒಂದೇ ಇಷ್ಟ ಎಂಬುದು ಹೇಗೆ ಬರುತ್ತದೆ ಎಂದು ಅಲ್ಲಿನ ತತ್ತ್ವಶಾಸ್ತ್ರಜ್ಞ ಓಲಾಫ್ ಹೆಲ್ಮರ್ ಆ್ಯರೋ ಅವರನ್ನು ಕೇಳಿದರು. ಅದಕ್ಕೆ ಉತ್ತರ ಹುಡುಕುತ್ತಾ ಹೋದ ಆ್ಯರೋ 1951ರಲ್ಲಿ ಒಂದು ಪುಟ್ಟ ಪುಸ್ತಕ ಪ್ರಕಟಿಸಿದರು. ಸಾಮಾಜಿಕ ಆಯ್ಕೆ ಸಿದ್ಧಾಂತ ಎಂಬ ಶಾಸ್ತ್ರವೇ ಅದರಿಂದ ಬೆಳೆಯಿತು; 1972ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಅವರು ಒಂದೊಂದೇ ನಿಯಮದ ಹುಳುಕು ತೆಗೆಯುತ್ತಾ ಕೂರಲಿಲ್ಲ. ಒಳ್ಳೆಯ ನಿಯಮಕ್ಕೆ ಕನಿಷ್ಠ ಏನಿರಬೇಕು ಎಂದು ಮೊದಲು ಬರೆದುಕೊಂಡರು. ಒಂದು, ಜನ ಯಾವ ಕ್ರಮದಲ್ಲಿ ಇಷ್ಟಪಟ್ಟರೂ ನಿಯಮ ಅದನ್ನು ಸ್ವೀಕರಿಸಿ, ಸುತ್ತು ಬೀಳದ ಒಂದು ಸಾಮೂಹಿಕ ಕ್ರಮವನ್ನು ಕೊಡಬೇಕು. ಎರಡು, ಎಲ್ಲರೂ ಒಮ್ಮತದಿಂದ ಬ ಎಂಬುದಕ್ಕಿಂತ ಅ ಮೇಲು ಎಂದರೆ ತೀರ್ಮಾನವೂ ಹಾಗೇ ಇರಬೇಕು. ಮೂರು, ಅ ಮತ್ತು ಬ ನಡುವಿನ ತೀರ್ಮಾನ ಆ ಎರಡರ ಬಗ್ಗೆ ಜನರ ಅಭಿಪ್ರಾಯವನ್ನು ಮಾತ್ರ ಅವಲಂಬಿಸಬೇಕು. ಮಧ್ಯೆ ಕ ಬಂದು ಕೆಡಿಸಬಾರದು. ನಾಲ್ಕು, ಉಳಿದವರು ಏನೇ ಹೇಳಲಿ ತನ್ನ ಇಷ್ಟವೇ ಎಲ್ಲದರಲ್ಲೂ ನಡೆಯುವಂಥ ಸರ್ವಾಧಿಕಾರಿ ಇರಬಾರದು. ಇವುಗಳಲ್ಲಿ ಯಾವುದನ್ನು ಬೇಡ ಎನ್ನಲು ಮನಸ್ಸು ಬರುತ್ತದೆ? ಆದರೆ ಆಯ್ಕೆಗಳು ಮೂರು ಅಥವಾ ಹೆಚ್ಚಿದ್ದರೆ ಈ ನಾಲ್ಕನ್ನೂ ಒಟ್ಟಿಗೆ ಪಾಲಿಸುವ ನಿಯಮ ಇಲ್ಲ. ಯಾರೂ ಇನ್ನೂ ಕಂಡುಹಿಡಿದಿಲ್ಲ ಎಂದಲ್ಲ, ಇರಲು ಸಾಧ್ಯವೇ ಇಲ್ಲ.

ಸಾಧನೆಯ ಜಾಡು ಇಷ್ಟು. ಉಳಿದವರೆಲ್ಲ ವಿರೋಧಿಸಿದರೂ ತಾನು ಹೇಳಿದ್ದನ್ನೇ ನಡೆಸಬಲ್ಲ ಗುಂಪನ್ನು ನಿರ್ಣಾಯಕ ಗುಂಪು ಎಂದು ಕರೆ. ಎರಡನೇ ಷರತ್ತಿನ ಪ್ರಕಾರ ಇಡೀ ಸಮಾಜವೇ ಒಂದು ನಿರ್ಣಾಯಕ ಗುಂಪು. ಒಂದು ಜೋಡಿಯ ವಿಷಯದಲ್ಲಿ ನಿರ್ಣಾಯಕವಾದ ಗುಂಪು ಎಲ್ಲ ಜೋಡಿಗಳಲ್ಲೂ ನಿರ್ಣಾಯಕವೇ ಎಂದು ಮೊದಲು ತೋರಿಸುತ್ತಾರೆ. ಆಮೇಲೆ, ನಿರ್ಣಾಯಕ ಗುಂಪನ್ನು ಎರಡು ಪಾಲು ಮಾಡಿದರೆ ಅವುಗಳಲ್ಲಿ ಒಂದು ಪಾಲು ತಾನೇ ನಿರ್ಣಾಯಕವಾಗಿರುತ್ತದೆ ಎಂದು ತೋರಿಸುತ್ತಾರೆ. ಆ ಪಾಲನ್ನು ಮತ್ತೆ ಸೀಳು, ಮತ್ತೆ ಸೀಳು. ಜನಸಂಖ್ಯೆಗೆ ಮಿತಿ ಇರುವುದರಿಂದ ಕೊನೆಗೆ ಉಳಿಯುವವನು ಒಬ್ಬ. ನಾಲ್ಕನೇ ಷರತ್ತು ಯಾರನ್ನು ಹೊರಗಿಟ್ಟಿತ್ತೋ ಅವನೇ! ಮೊದಲ ಸಲ ಇದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಾಗ ಇಡೀ ತರಗತಿ ಉಸಿರು ಬಿಗಿಹಿಡಿದು ನೋಡುತ್ತಿತ್ತು. ರಜಕ್ಕೆ ಬಂದಾಗ ಪೂರ್ತಿ ಸಾಧನೆಯನ್ನು ನಿನ್ನ ಕೈಯಲ್ಲೇ ಬರೆಸುತ್ತೇನೆ.

ಇದರ ಜೊತೆಗೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. 1973ರಲ್ಲಿ ಅಲನ್ ಗಿಬರ್ಡ್, 1975ರಲ್ಲಿ ಮಾರ್ಕ್ ಸ್ಯಾಟರ್‌ತ್ವೇಟ್ ಪ್ರತ್ಯೇಕವಾಗಿ ಸಾಧಿಸಿದ್ದು ಇದು: ಮೂವರು ಅಥವಾ ಹೆಚ್ಚು ಜನ ಗೆಲ್ಲುವ ಸಾಧ್ಯತೆಯಿದ್ದು, ಸರ್ವಾಧಿಕಾರಿ ಇಲ್ಲದ ಯಾವ ನಿಯಮ ತಂದರೂ, ಯಾರಾದರೊಬ್ಬ ಮತದಾರನಿಗೆ ತನ್ನ ನಿಜವಾದ ಇಷ್ಟವನ್ನು ಮುಚ್ಚಿಟ್ಟು ಬೇರೆ ಬರೆದರೆ ಲಾಭವಾಗುವ ಸಂದರ್ಭ ಬಂದೇ ಬರುತ್ತದೆ. ‘ಅವನು ಒಳ್ಳೆಯವನೇ, ಆದರೆ ಅವನಿಗೆ ಹಾಕಿದರೆ ಓಟು ವೇಸ್ಟು’ ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ಆಡುವ ಮಾತಿನ ಬೇರು ಇಲ್ಲಿದೆ. ಜನ ಕೆಟ್ಟವರೆಂದು ಹಾಗೆ ಮಾತಾಡುವುದಲ್ಲ, ಆ ಲೆಕ್ಕಾಚಾರಕ್ಕೆ ಎಡೆ ಕೊಡದ ನಿಯಮವೇ ಇಲ್ಲ.

ಇಷ್ಟು ಓದಿ, ಹಾಗಾದರೆ ನನ್ನ ಗೆಳೆಯ ಹೇಳಿದ್ದೇ ಸರಿ ಎನ್ನಬೇಡ. ಪ್ರಮೇಯ ಏನನ್ನು ಹೇಳುತ್ತದೆಯೋ ಅಷ್ಟನ್ನೇ ಓದಬೇಕು. ಪ್ರತಿ ಚುನಾವಣೆಯಲ್ಲೂ ಗೊಂದಲವಾಗುತ್ತದೆ ಎಂದು ಆ್ಯರೋ ಹೇಳಲಿಲ್ಲ. ಗೊಂದಲಕ್ಕೆ ಎಂದೂ ಅವಕಾಶವೇ ಇಲ್ಲದ ನಿಯಮ ಇಲ್ಲ ಎಂದರು. ಸರ್ವಾಧಿಕಾರ ಮೇಲು ಎಂದೂ ಹೇಳಲಿಲ್ಲ. ಸರ್ವಾಧಿಕಾರ ಒಪ್ಪತಕ್ಕದ್ದಲ್ಲ ಎಂಬುದು ಅವರು ಇಟ್ಟುಕೊಂಡ ಷರತ್ತುಗಳಲ್ಲೇ ಒಂದು. ನಾಲ್ಕರಲ್ಲಿ ಯಾವುದೋ ಒಂದನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ ಎಂಬುದಷ್ಟೇ ಇದರ ಅರ್ಥ. ಯಾವುದನ್ನು, ಎಲ್ಲಿ, ಎಷ್ಟು ಎಂದು ತೀರ್ಮಾನಿಸುವುದು ನಮಗೆ ಬಿಟ್ಟದ್ದು.

ಸಡಿಲಿಸುವ ದಾರಿಗಳೂ ಇವೆ. ಆಯ್ಕೆ ಎರಡೇ ಇದ್ದರೆ ತೊಡಕೇ ಇಲ್ಲ. ಎಲ್ಲ ಮತದಾರರೂ ಸಮಾನರು, ಎರಡೂ ಆಯ್ಕೆಗಳು ಸಮಾನ, ಸಮಬಲವಿದ್ದಾಗ ಒಂದು ಮತ ಹೆಚ್ಚಿದರೂ ಆ ಕಡೆಯೇ ಗೆಲ್ಲಬೇಕು ಎಂಬ ಬೇಡಿಕೆಗಳನ್ನೆಲ್ಲ ಪೂರೈಸುವ ನಿಯಮ ಸರಳ ಬಹುಮತ ಒಂದೇ ಎಂದು ಕೆನೆತ್ ಮೇ ಎಂಬ ಗಣಿತಜ್ಞ 1952ರಲ್ಲಿ ಸಾಧಿಸಿದರು. ಇನ್ನೊಂದು ದಾರಿ ಸ್ಕಾಟ್ಲೆಂಡಿನ ಡಂಕನ್ ಬ್ಲ್ಯಾಕ್ 1948ರಲ್ಲಿ ತೋರಿಸಿದ್ದು. ವಿಷಯ ಒಂದೇ ಗೆರೆಯ ಮೇಲೆ ಕೂರುವಂಥದಾಗಿದ್ದರೆ, ಉದಾಹರಣೆಗೆ ನಿಮ್ಮ ಮೆಸ್ಸಿನ ತಿಂಗಳ ಶುಲ್ಕ ಎಷ್ಟಿರಬೇಕು ಎಂಬಂಥದು, ಪ್ರತಿಯೊಬ್ಬನಿಗೂ ಒಂದು ಮೆಚ್ಚಿನ ಮೊತ್ತವಿದ್ದು ಅದರಿಂದ ಅತ್ತ ಇತ್ತ ದೂರ ಹೋದಂತೆ ಇಷ್ಟ ಕಡಿಮೆಯಾಗುವಂತಿದ್ದರೆ, ಸುತ್ತು ಬೀಳುವುದಿಲ್ಲ. ಎಲ್ಲರ ಮೊತ್ತಗಳನ್ನೂ ಸಾಲಾಗಿ ಬರೆದಾಗ ನಟ್ಟನಡುವೆ ಬರುವವನ ಮೊತ್ತ ಬೇರೆ ಯಾವ ಮೊತ್ತವನ್ನೂ ಬಹುಮತದಿಂದ ಸೋಲಿಸುತ್ತದೆ. ಜನ ಕೂತು ಚರ್ಚಿಸಿ, ನಮ್ಮ ಭಿನ್ನಾಭಿಪ್ರಾಯ ನಿಜವಾಗಿ ಯಾವುದರ ಬಗ್ಗೆ ಎಂದು ಸ್ಪಷ್ಟ ಮಾಡಿಕೊಂಡರೆ ಎಷ್ಟೋ ವಿಷಯಗಳು ಇಂಥ ಒಂದು ಗೆರೆಯ ಹತ್ತಿರಕ್ಕೆ ಬರುತ್ತವೆ. ಮತಕ್ಕೆ ಮುಂಚಿನ ಮಾತುಕತೆಗೆ ಬೆಲೆ ಇರುವುದು ಇದಕ್ಕೇ.

ಮೂರನೆಯ ದಾರಿಯನ್ನು ಹೇಳುವ ಮೊದಲು ಒಬ್ಬ ಹುಡುಗನ ಕಥೆ ಕೇಳು. 1951–52ರ ಕಲ್ಕತ್ತೆ, ಪ್ರೆಸಿಡೆನ್ಸಿ ಕಾಲೇಜು. ಅಲ್ಲಿ ಆಗತಾನೆ ಸೇರಿದ್ದ ವಿದ್ಯಾರ್ಥಿಯೊಬ್ಬನಿಗೆ ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಅವನ ಸಹಪಾಠಿ ಸುಖಮಯ ಚಕ್ರವರ್ತಿ ಕಾಲೇಜ್ ಸ್ಟ್ರೀಟಿನ ಪುಸ್ತಕದಂಗಡಿಯಿಂದ ಆ್ಯರೋ ಅವರ ಹೊಸ ಪುಸ್ತಕವನ್ನು ಎರವಲು ತಂದು ಇವನಿಗೂ ಓದಲು ಕೊಟ್ಟ. ಆ 'ಅಸಾಧ್ಯ'ವನ್ನು ಕಂಡು ಆ ಹುಡುಗ ಕೈಕಟ್ಟಿ ಕೂರಲಿಲ್ಲ. ಸ್ವತಂತ್ರ ಭಾರತ ತನ್ನ ಮೊದಲ ಮಹಾಚುನಾವಣೆಗೆ ಹೊರಟಿದ್ದ ಹೊತ್ತು; ಪ್ರಜಾಪ್ರಭುತ್ವ ಹೇಗೆ ಸಾಧ್ಯ ಎಂಬುದು ಅವನಿಗೆ ಬರೀ ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ 1970ರಲ್ಲಿ ಈ ಶಾಸ್ತ್ರದ ದೊಡ್ಡ ಗ್ರಂಥವೊಂದನ್ನು ಬರೆದ ಅವರು, 1998ರಲ್ಲಿ ನೊಬೆಲ್ ಸ್ವೀಕರಿಸಿ ಮಾಡಿದ ಭಾಷಣದ ವಿಷಯ ಸಾಮಾಜಿಕ ಆಯ್ಕೆಯ ಸಾಧ್ಯತೆ. ಅವರೇ ಅಮರ್ತ್ಯ ಸೇನ್.

ಸೇನ್ ತೋರಿಸಿದ್ದು ಇದು. ಆ್ಯರೋ ಅವರ ಚೌಕಟ್ಟಿನಲ್ಲಿ ಜನರ ಇಷ್ಟದ ಕ್ರಮ ಬಿಟ್ಟರೆ ಬೇರೆ ಯಾವ ಮಾಹಿತಿಗೂ ಪ್ರವೇಶವಿಲ್ಲ. ಯಾರು ಹಸಿದಿದ್ದಾರೆ, ಯಾರಿಗೆ ಹೊಟ್ಟೆ ತುಂಬಿದೆ ಎನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಅವರದೇ ಉದಾಹರಣೆಯ ಧಾಟಿಯಲ್ಲಿ ಹೇಳುವುದಾದರೆ, ಮೂವರು ಒಂದು ಕೇಕನ್ನು ಹಂಚಿಕೊಳ್ಳಬೇಕಿದೆ, ಪ್ರತಿಯೊಬ್ಬನಿಗೂ ತನ್ನ ಪಾಲು ಹೆಚ್ಚಾಗುವುದಷ್ಟೇ ಬೇಕು. ಅವರಲ್ಲಿ ಬಡವನ ಪಾಲಿನಿಂದ ಅರ್ಧ ಕಿತ್ತು ಉಳಿದಿಬ್ಬರಿಗೆ ಹಂಚುವ ಸಲಹೆ ಬಂದರೆ ಬಹುಮತ 2–1ರಿಂದ ಅದನ್ನು ಒಪ್ಪುತ್ತದೆ. ಎಣಿಕೆಯಲ್ಲಿ ತಪ್ಪಿಲ್ಲ, ಆದರೆ ಅದು ನ್ಯಾಯವಲ್ಲ. ಒಬ್ಬರ ಕಷ್ಟವನ್ನು ಇನ್ನೊಬ್ಬರ ಕಷ್ಟದೊಂದಿಗೆ ಹೋಲಿಸಿ ನೋಡಲು ಒಪ್ಪಿಕೊಂಡರೆ, ತೀರ್ಮಾನಕ್ಕೆ ಬರುವ ಎಷ್ಟೋ ದಾರಿಗಳು ತೆರೆಯುತ್ತವೆ. ಆದ್ದರಿಂದಲೇ ಬರೀ ಎಣಿಕೆ ಸಾಲದು. ಬಹುಮತ ಮುಟ್ಟಲಾಗದ ಹಕ್ಕುಗಳು ಬೇಕು, ಪತ್ರಿಕೆ ಬೇಕು, ವಾದ ಬೇಕು. ಚುನಾವಣೆ ನಡೆಸುವ, ಪತ್ರಿಕೆಗಳು ಮುಕ್ತವಾಗಿರುವ ದೇಶಗಳಲ್ಲಿ ದೊಡ್ಡ ಬರಗಾಲದ ಸಾವುಗಳು ಸಂಭವಿಸಿಲ್ಲ ಎಂಬ ಸೇನ್ ಅವರ ಮಾತನ್ನು ಈ ಬೆಳಕಿನಲ್ಲಿ ಓದು.

ಕೊಂದೋರ್ಸೆಯ ಇನ್ನೊಂದು ಪ್ರಮೇಯವನ್ನು ನಿನಗೆ ಹೇಳದೆ ಈ ಕಾಗದ ಮುಗಿಸಲಾರೆ. ಒಂದು ಪ್ರಶ್ನೆಗೆ ಸರಿ, ತಪ್ಪು ಎಂಬ ಎರಡೇ ಉತ್ತರವಿದೆ. ಪ್ರತಿಯೊಬ್ಬನೂ ಸರಿ ಹೇಳುವ ಸಂಭವ ಶೇ. 60 ಮಾತ್ರ, ಅಂದರೆ ಯಾರೂ ದೊಡ್ಡ ಪಂಡಿತರಲ್ಲ. ಮೂವರ ಬಹುಮತ ಸರಿಯಾಗಿರುವ ಸಂಭವ ಶೇ. 64.8. ಕಾಗದದ ಮೇಲೆ ಮಾಡಿ ನೋಡು, ಸುಲಭ. ನೂರಾ ಒಂದು ಜನರಾದರೆ ಆ ಸಂಭವ ಶೇ. 97 ದಾಟುತ್ತದೆ. ಸಾಧಾರಣ ತಿಳಿವಳಿಕೆಯ ಸಾವಿರಾರು ಜನ ಸೇರಿ, ಅವರಲ್ಲಿ ಯಾವೊಬ್ಬನಿಗೂ ಇಲ್ಲದಷ್ಟು ಖಚಿತವಾದ ತಿಳಿವಳಿಕೆಯನ್ನು ಮುಟ್ಟಬಲ್ಲರು. ಮತದಾನದ ಪರವಾಗಿ ಗಣಿತ ಹೇಳಿರುವ ಅತ್ಯಂತ ಭರವಸೆಯ ಮಾತು ಇದು.

ಆದರೆ ಇದಕ್ಕೆ ಎರಡು ಷರತ್ತುಗಳಿವೆ. ಒಬ್ಬೊಬ್ಬನೂ ಸರಿಯಿರುವ ಸಂಭವ ಅರ್ಧಕ್ಕಿಂತ ಹೆಚ್ಚಿರಬೇಕು. ಅರ್ಧಕ್ಕಿಂತ ಕಡಿಮೆಯಾದರೆ ಇದೇ ಲೆಕ್ಕ ತಿರುಗಿಬೀಳುತ್ತದೆ; ಜನ ಹೆಚ್ಚಿದಷ್ಟೂ ತಪ್ಪು ಖಚಿತವಾಗುತ್ತದೆ. ಎರಡನೆಯದು, ಪ್ರತಿಯೊಬ್ಬನೂ ಸ್ವತಂತ್ರವಾಗಿ ಯೋಚಿಸಿರಬೇಕು. ಸಾವಿರ ಜನ ಒಬ್ಬನೇ ಹೇಳಿದ್ದನ್ನು ನಂಬಿ ಮತ ಹಾಕಿದರೆ, ಮತ ಸಾವಿರವಿದ್ದರೂ ಯೋಚಿಸಿದ ತಲೆ ಒಂದೇ. ನಿನ್ನ ಫೋನಿಗೆ ಬರುವ ಫಾರ್ವರ್ಡ್ ಸಂದೇಶಗಳನ್ನು ಈ ಪ್ರಮೇಯದ ಎದುರಿಟ್ಟು ನೋಡು. ಒಂದು ಸುಳ್ಳನ್ನು ಪರೀಕ್ಷಿಸದೆ ಮುಂದಕ್ಕೆ ಕಳಿಸುವವನು ಎರಡು ಷರತ್ತುಗಳನ್ನೂ ಒಟ್ಟಿಗೆ ಮುರಿಯುತ್ತಾನೆ.

ಇದನ್ನು ಬರೆದ ಕೊಂದೋರ್ಸೆ ಗುಲಾಮಗಿರಿಯನ್ನು ವಿರೋಧಿಸಿದವನು. ಹೆಂಗಸರಿಗೂ ಪೌರತ್ವದ ಹಕ್ಕು ಬೇಕೆಂದು 1790ರಲ್ಲೇ ಬರೆದವನು. ಫ್ರೆಂಚ್ ಕ್ರಾಂತಿಯ ಸರ್ಕಾರಕ್ಕೆ ಸಂವಿಧಾನದ ಕರಡು ಬರೆದುಕೊಟ್ಟ. ಅಧಿಕಾರ ಹಿಡಿದ ಬಣ ಅದನ್ನು ಬದಿಗೊತ್ತಿ ತನ್ನದನ್ನು ತಂದಾಗ ಬಹಿರಂಗವಾಗಿ ಟೀಕಿಸಿದ. 1793ರಲ್ಲಿ ಅವನ ಬಂಧನಕ್ಕೆ ಆಜ್ಞೆಯಾಯಿತು. ಪ್ಯಾರಿಸ್ಸಿನಲ್ಲಿ ಮದಾಂ ವೆರ್ನೆ ಎಂಬ ವಿಧವೆ ತನ್ನ ಮನೆಯಲ್ಲಿ ಅವನನ್ನು ತಿಂಗಳುಗಟ್ಟಲೆ ಅಡಗಿಸಿಟ್ಟಳು. ತಲೆಯ ಮೇಲೆ ಕತ್ತಿ ತೂಗುತ್ತಿದ್ದ ಆ ದಿನಗಳಲ್ಲಿ ಅವನು ಬರೆಯುತ್ತಿದ್ದದ್ದು ಮನುಷ್ಯನ ಬುದ್ಧಿ ಹೇಗೆ ಮುಂದುವರಿಯುತ್ತಾ ಬಂದಿದೆ, ಮುಂದೆ ಹೇಗೆ ಬೆಳೆಯಲಿದೆ ಎಂಬ ಪುಸ್ತಕವನ್ನು. 1794ರ ಮಾರ್ಚಿನಲ್ಲಿ ಸಿಕ್ಕಿಬಿದ್ದು ಸೆರೆಮನೆಯಲ್ಲೇ ತೀರಿಕೊಂಡ. ಬಹುಮತದ ತೊಡಕುಗಳನ್ನು ಅವನಷ್ಟು ಬಲ್ಲವರು ಆ ಕಾಲದಲ್ಲಿ ಯಾರೂ ಇರಲಿಲ್ಲ; ಜನರ ಮೇಲಿನ ನಂಬಿಕೆಯನ್ನು ಅವನು ಬಿಡಲೂ ಇಲ್ಲ. ನಿನ್ನ ಗೆಳೆಯನಿಗೆ ಇದನ್ನೂ ಓದಿ ಹೇಳು.

ಇನ್ನು ನಿನ್ನ ಮೆಸ್ಸಿನ ವಿಷಯ. ಗೆದ್ದವನ ಮೇಲೆ ಕೋಪ ಇಟ್ಟುಕೊಳ್ಳಬೇಡ. ಅವನು ಇದ್ದ ನಿಯಮದಂತೆ ಗೆದ್ದಿದ್ದಾನೆ. ಮುಂದಿನ ಚುನಾವಣೆಗೆ ಇನ್ನೂ ಯಾರ ಹೆಸರೂ ಕೇಳಿಬರದ ಹೊತ್ತಿನಲ್ಲೇ ಎಲ್ಲರನ್ನೂ ಕೂರಿಸಿಕೊಂಡು ಎಣಿಸುವ ರೀತಿಯನ್ನು ತೀರ್ಮಾನಿಸಿ. ಹೆಸರು ಗೊತ್ತಾದ ಮೇಲೆ ಪ್ರತಿಯೊಬ್ಬನೂ ತನ್ನವನು ಗೆಲ್ಲುವ ನಿಯಮವನ್ನೇ ನ್ಯಾಯ ಎನ್ನುತ್ತಾನೆ. ಈ ನಿಯಮದಿಂದ ನಮಗೆ ಸಿಗುವುದೇನು, ಇದಕ್ಕಾಗಿ ಬಿಟ್ಟುಕೊಡುವುದೇನು ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನೀನು ಕಂಪ್ಯೂಟರ್ ಓದುವ ಹುಡುಗ. ಪ್ರಾಶಸ್ತ್ಯದ ಮತಪತ್ರಗಳನ್ನು ನಾಲ್ಕು ರೀತಿಯಲ್ಲಿ ಎಣಿಸಿ ತೋರಿಸುವ ಪ್ರೋಗ್ರಾಂ ಬರೆಯುವುದು ನಿನಗೆ ಒಂದು ಸಂಜೆಯ ಕೆಲಸ. ನಾಲ್ಕರಲ್ಲೂ ಒಬ್ಬನೇ ಗೆದ್ದರೆ ಜನರ ಮನಸ್ಸು ಸ್ಪಷ್ಟವಾಗಿದೆ ಎಂದು ಎಲ್ಲರಿಗೂ ಸಮಾಧಾನವಾಗುತ್ತದೆ. ನಾಲ್ಕರಲ್ಲಿ ಬೇರೆ ಬೇರೆಯಾದರೆ, ಗೆದ್ದವನು ಸೋತವರ ಮಾತಿಗೂ ಕಿವಿಗೊಡಬೇಕು ಎಂಬುದು ಅವನಿಗೇ ಅರ್ಥವಾಗುತ್ತದೆ.

ಕುಂದಿಲ್ಲದ ನಿಯಮ ಸಿಗುವವರೆಗೆ ಕಾಯುತ್ತೇನೆ ಎನ್ನುವವನು ಎಂದೆಂದಿಗೂ ಕಾಯಬೇಕು. ಅಂಥ ನಿಯಮ ಇಲ್ಲ ಎಂಬುದು ಸಾಧಿತವಾಗಿದೆ. ನೀನು ದೂರ ನಿಂತರೆ ತೀರ್ಮಾನವೇನೂ ನಿಲ್ಲುವುದಿಲ್ಲ, ನೀನಿಲ್ಲದೆ ಆಗುತ್ತದೆ. ಆದ್ದರಿಂದ ಅಭ್ಯರ್ಥಿಗಳ ಬಗ್ಗೆ ಓದು, ನಿನ್ನ ತಲೆಯಿಂದ ಯೋಚಿಸು, ಹೋಗಿ ಮತ ಹಾಕು. ಹಾಕಿ ಬಂದ ಮೇಲೆ ಬೆರಳಿನ ಶಾಯಿಯ ಫೋಟೋ ಕಳಿಸು, ನಿನ್ನ ದೊಡ್ಡಪ್ಪನಿಗೆ ತೋರಿಸಬೇಕು. ಪ್ರೋಗ್ರಾಂ ಬರೆದರೆ ಅದನ್ನೂ ಕಳಿಸು. ಬೋರ್ದಾನ 21 ಮತಪತ್ರಗಳನ್ನು ಕೊಟ್ಟು ಪರೀಕ್ಷೆ ಮಾಡುವವಳು ನಾನು.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ